ಬೇಲಿಯ ಪೊಟ್ಟು: ಪುತ್ತಳದಿಂದ ಯಾಳ್ಪಾಣಕ್ಕೆ ಆರು ದಿನ

ಶ್ರೀಲಂಕಾದಿಂದ ಊರಿಗೆ ಬಂದು ಮೂರು ವಾರವಾಯಿತು. ಗೆಳತಿಯ ಹಸಿರು ರವಿಕೆಯ ತೋಳಿನಲ್ಲಿ ಪುತ್ತಳದ ಹೊಲಿಗೆ ಹಾಗೇ ಇದೆ, ದಾರ ಮಾತ್ರ ಒಂದು ಬಣ್ಣ ತಿಳಿ. ಸ್ಟಾಫ್ ರೂಮಿನಲ್ಲಿ ಅದು ಕಣ್ಣಿಗೆ ಬಿದ್ದಾಗಲೆಲ್ಲ ಇನ್ನೂ ಬರೆದಿಲ್ಲವಲ್ಲ ಅನ್ನಿಸುತ್ತಿತ್ತು.

ನಾವಿಬ್ಬರೂ ಹಾವೇರಿಯ ಒಂದೇ ಶಾಲೆಯಲ್ಲಿ 22 ವರ್ಷದಿಂದ ಪಾಠ ಮಾಡುತ್ತಿರುವವರು. ಅವಳು ಹುಟ್ಟಿ ಬೆಳೆದದ್ದು ಕೆಜಿಎಫ್‌ನಲ್ಲಿ, ಮನೆಮಾತು ತಮಿಳು. ನನಗೆ ತಮಿಳು ಕೇಳಿದರೆ ಅರ್ಧ ತಿಳಿಯುತ್ತದೆ, ಉಳಿದರ್ಧ ಅವಳು ಹೇಳಬೇಕು. ಶ್ರೀಲಂಕಾದ ಯುದ್ಧ ನಡೆದದ್ದು 1983ರಿಂದ 2009ರವರೆಗೆ, 26 ವರ್ಷ. ನಾವು ಓದಿದ್ದರಲ್ಲಿ ನಾಯಕರ ಹೆಸರು, ಸೇನಾ ಕಾರ್ಯಾಚರಣೆಗಳ ಹೆಸರೇ ಹೆಚ್ಚು. ಅಷ್ಟು ವರ್ಷ ಅಕ್ಕಪಕ್ಕದ ಮನೆಯ ಹೆಂಗಸರ ನಡುವೆ ಏನು ನಡೆಯಿತು, ಏನು ಉಳಿಯಿತು ಅನ್ನುವುದು ನಮ್ಮಿಬ್ಬರನ್ನೂ ಬಹಳ ಕಾಡಿತ್ತು. 1990ರ ಅಕ್ಟೋಬರಿನಲ್ಲಿ, ತಮಿಳರ ಪ್ರತ್ಯೇಕ ನಾಡಿಗಾಗಿ ಬಂದೂಕು ಹಿಡಿದಿದ್ದ ಎಲ್‌ಟಿಟಿಇ ಉತ್ತರ ಪ್ರಾಂತ್ಯದ ಮುಸ್ಲಿಮರನ್ನೆಲ್ಲ ಹೊರಹಾಕಿತು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ. ಅವರಲ್ಲಿ ಬಹುಪಾಲು ಬಂದು ನೆಲೆಸಿದ್ದು ಪುತ್ತಳಂ ಜಿಲ್ಲೆಯಲ್ಲಿ. ಅವರು ಹೊರಟ ದಾರಿಯನ್ನು ಈ ತುದಿಯಿಂದ ಹಿಡಿದು ಯಾಳ್ಪಾಣದವರೆಗೆ ಹೋಗೋಣ ಅಂದುಕೊಂಡೆವು. ಯಾಳ್ಪಾಣ ಅಂದರೆ ನಾವು ಪತ್ರಿಕೆಯಲ್ಲಿ ಓದುವ ಜಾಫ್ನಾ.

ಮೊದಲ ದಿನ

ವಿಮಾನ ನಿಲ್ದಾಣ ಇರುವುದು ಕೊಲಂಬೊದಿಂದ ಉತ್ತರಕ್ಕೆ, ಕಟುನಾಯಕದಲ್ಲಿ. ಪುತ್ತಳಕ್ಕೆ ಹೋಗುವವರು ಕೊಲಂಬೊ ಮುಟ್ಟಬೇಕಾಗಿಲ್ಲ. ಹತ್ತಿರದ ನೀಗೊಂಬೊಗೆ ಹೋಗಿ ಅಲ್ಲಿಂದ ಬಸ್ ಹಿಡಿದೆವು. ಹತ್ತಿದ ಕೂಡಲೇ ಮುಂದಿನ ಎರಡು ಸೀಟು ಖಾಲಿ ಕಂಡು ಕೂತುಬಿಟ್ಟೆವು. ಕಂಡಕ್ಟರ್ ಬಂದು ಕೈಮುಗಿದು ಮೇಲಿನ ಫಲಕ ತೋರಿಸಿದ. ಬೌದ್ಧ ಭಿಕ್ಷುಗಳಿಗೆ, ಧರ್ಮಗುರುಗಳಿಗೆ ಮೀಸಲಾದ ಜಾಗ ಅದು. ಅಲ್ಲಿನ ಬಸ್ಸುಗಳಲ್ಲೆಲ್ಲ ಹಾಗೇ. ಗಡಿಬಿಡಿಯಲ್ಲಿ ಏಳುವಾಗ ಗೆಳತಿಯ ರವಿಕೆಯ ತೋಳು ಕಿಟಕಿಯ ಕೊಂಡಿಗೆ ಸಿಕ್ಕಿ ಮೊಣಕೈವರೆಗೆ ಹರಿಯಿತು. ಅವಳು ಸೆರಗು ಹೊದ್ದು ಕೂತಳು. ಈ ಪ್ರವಾಸದಲ್ಲಿ ನಮಗೆ ಸಿಕ್ಕಿದ್ದೆಲ್ಲ ಆ ಹರಿದ ತೋಳಿನ ಮೂಲಕವೇ ಸಿಕ್ಕಿತು.

ದಾರಿಯುದ್ದಕ್ಕೂ ತೆಂಗು. ಚಿಲಾವ್ ದಾಟಿದ ಮೇಲೆ ಗಾಳಿಗೆ ಉಪ್ಪಿನ ವಾಸನೆ ಬಂತು. ಪುತ್ತಳ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಊರಿನ ಅಂಚಿನ ಉಪ್ಪಿನ ಮಡಿಗಳಲ್ಲಿ ನೀರು ಗುಲಾಬಿಯಾಗಿ ನಿಂತಿತ್ತು, ಮುರಿದ ದೋಣಿಯ ನೆರಳಿನಲ್ಲಿ ಎರಡು ಕತ್ತೆಗಳು ಮಲಗಿದ್ದವು. ರಾತ್ರಿ ಪರೋಟ, ಬೇಳೆ ಸಾರು, ಶುಂಠಿ ಹಾಕಿದ ಕಪ್ಪು ಚಹ. ಹಾಲು ಬೇಡವೆಂದರೆ ‘ಪ್ಲೇನ್ ಟೀ’ ಅಂತ ಕೇಳಬೇಕು.

ಎರಡನೆಯ ದಿನ

ಬೆಳಿಗ್ಗೆ ದರ್ಜಿ ಅಂಗಡಿ ಹುಡುಕಿಕೊಂಡು ಹೊರಟೆವು. ಹೋಟೆಲಿನ ಹುಡುಗ ಕೇಳಿದ ಕೂಡಲೇ, “ಒಳ್ಳೆಯ ಹೊಲಿಗೆ ಬೇಕಾದರೆ ತಿಲ್ಲೈಯಡಿಗೆ ಹೋಗಿ. ಯಾಳ್ಪಾಣದ ಜನ ಇದ್ದಾರೆ” ಅಂದ. ಯಾಳ್ಪಾಣದ ಮುಸ್ಲಿಮರಲ್ಲಿ ದರ್ಜಿಗಳು, ಕಬ್ಬಿಣದ ಸಾಮಾನಿನ ವ್ಯಾಪಾರಿಗಳು ಬಹಳ. ಅಲ್ಲಿಂದ ಬರಿಗೈಯಲ್ಲಿ ಬಂದವರ ಜೊತೆ ಬಂದದ್ದು ಕೈಯೊಳಗಿನ ಕಸುಬು ಒಂದೇ.

ತಗಡಿನ ಚಾವಣಿಯ ಸಣ್ಣ ಮನೆ, ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ. ಅರವತ್ತು ದಾಟಿದ ಹೆಂಗಸು ಕನ್ನಡಕದ ಮೇಲಿಂದ ನಮ್ಮನ್ನು ನೋಡಿದರು. ಹರಿದ ತೋಳನ್ನು ಎರಡು ಬೆರಳಲ್ಲಿ ಹಿಡಿದು, “ಇದನ್ನ ಯಾರು ಹೊಲಿದದ್ದು? ಕಂಕುಳಲ್ಲಿ ಬಟ್ಟೆ ಬಿಟ್ಟೇ ಇಲ್ಲ. ಹರಿಯದೆ ಏನು ಮಾಡುತ್ತೆ?” ಅಂದರು. ನಾವು ಮುಂದೆ ಯಾಳ್ಪಾಣಕ್ಕೆ ಹೋಗುವವರು ಅಂತ ಗೆಳತಿ ಹೇಳಿದಳು. ಪೆಡಲಿನ ಮೇಲಿದ್ದ ಕಾಲು ನಿಂತಿತು.

“ಯಾಳ್ಪಾಣದಲ್ಲಿ ಎಲ್ಲಿಗೆ?”

“ಎಲ್ಲ ಕಡೆಗೆ ಅಕ್ಕ. ಸೋನಗರ್ ತೆರುವಿಗೂ.”

ಸೋನಗರ್ ತೆರು ಅಂದರೆ ಮುಸ್ಲಿಮರ ಬೀದಿ. ಅಕ್ಕ ಹುಟ್ಟಿದ್ದು ಅಲ್ಲೇ. ಒಂದು ತೋಳಿನ ಹೊಲಿಗೆಗೆ ಹತ್ತು ನಿಮಿಷ ಸಾಕು. ನಾವು ಅಲ್ಲಿಂದ ಎದ್ದದ್ದು ಮಧ್ಯಾಹ್ನದ ಊಟ ಮುಗಿಸಿ, ಮೂರು ಗಂಟೆಗೆ. ಹೆಸರು ಬರೆಯಬೇಡಿ ಅಂತ ಅವರು ಕೇಳಿಕೊಂಡಿದ್ದಾರೆ, ಹಾಗಾಗಿ ಇಲ್ಲಿ ಪುತ್ತಳದ ಅಕ್ಕ ಅಂತಲೇ ಕರೆಯುತ್ತೇನೆ.

ಯಾಳ್ಪಾಣದಲ್ಲಿ ಮನೆ ಮನೆಯ ನಡುವೆ ತಾಳೆಗರಿಯ ಎತ್ತರದ ಬೇಲಿ. ಬೀದಿಯ ಕಡೆಯ ಬಾಗಿಲಿಂದ ಬರುವವರು ನೆಂಟರು, ಗಂಡಸರು. ಹೆಂಗಸರು ಹೋಗಿಬರುವುದಕ್ಕೆ ಹಿತ್ತಿಲ ಬೇಲಿಯಲ್ಲಿ ಒಂದು ಕಂಡಿ ಇರುತ್ತದೆ. ಬಗ್ಗಿ ನುಸುಳುವಷ್ಟೇ ದೊಡ್ಡದು. ಅದಕ್ಕೆ ಅಲ್ಲಿ ‘ಪೊಟ್ಟು’ ಅನ್ನುತ್ತಾರೆ. ಹಣೆಗಿಡುವ ಬೊಟ್ಟಿಗೂ ತಮಿಳಿನಲ್ಲಿ ಅದೇ ಮಾತು. ಅಕ್ಕನ ಹಿತ್ತಿಲ ಪೊಟ್ಟಿನಾಚೆಗೆ ಒಂದು ಹಿಂದೂ ತಮಿಳರ ಮನೆ, ಆ ಮನೆಯಲ್ಲಿ ಅಕ್ಕನಿಗಿಂತ ಎರಡು ವರ್ಷ ಚಿಕ್ಕವಳಾದ ಹುಡುಗಿ. ರಂಜಾನಿನ ಗಂಜಿ ಆ ಕಡೆಗೆ, ಪೊಂಗಲ್ ದಿನದ ಪುಕ್ಕೈ ಈ ಕಡೆಗೆ. ಯಾಳ್ಪಾಣದವರು ಪೊಂಗಲನ್ನು ಪುಕ್ಕೈ ಅನ್ನುತ್ತಾರೆ. ಆ ಹುಡುಗಿಗೆ ಹೊಲಿಗೆ ಕಲಿಸಿದ್ದೂ ಅಕ್ಕನೇ. ಓಣಿಯ ಅರ್ಧ ಹೆಂಗಸರ ರವಿಕೆ ಅಕ್ಕನ ಯಂತ್ರದಲ್ಲೇ ಆಗುತ್ತಿದ್ದವು. ಉಳಿದ ಚೂರು ಬಟ್ಟೆಯನ್ನು ಗಂಟು ಕಟ್ಟಿ ಬಟ್ಟೆಯವರಿಗೇ ಕೊಡುತ್ತಿದ್ದರಂತೆ, ಒಂದು ಗೇಣನ್ನೂ ಇಟ್ಟುಕೊಳ್ಳದೆ.

1990ರ ಅಕ್ಟೋಬರ್ 30. ಬೆಳಿಗ್ಗೆ ಧ್ವನಿವರ್ಧಕದ ಗಾಡಿ ಬಂತು. ಎಲ್ಲರೂ ಒಸ್ಮಾನಿಯಾ ಕಾಲೇಜಿನ ಬಯಲಿಗೆ ಬರಬೇಕು. ಅಲ್ಲಿ ಹೇಳಿದ್ದು: ಎರಡು ಗಂಟೆಯೊಳಗೆ ಊರು ಬಿಡಿ. ಕೈಯಲ್ಲಿ 150 ರೂಪಾಯಿ, ಒಂದಿಷ್ಟು ಬಟ್ಟೆ, ಅಷ್ಟೇ. ಕಿವಿಯ ಓಲೆಯನ್ನೂ ಬಿಚ್ಚಿಸಿಕೊಂಡರು. ಇದನ್ನು ಹೇಳುವಾಗ ಅಕ್ಕ ತಲೆವಸ್ತ್ರದೊಳಗೆ ಬೆರಳು ಹಾಕಿ ಕಿವಿ ಮುಟ್ಟಿಕೊಂಡರು. ಇಲ್ಲಿ ಯಾರೂ ಎಲ್‌ಟಿಟಿಇ ಅನ್ನುವುದಿಲ್ಲ, ‘ಇಯಕ್ಕಂ’ ಅನ್ನುತ್ತಾರೆ. ಚಳವಳಿ ಅಂತ ಅದರ ಅರ್ಥ. ಆ ದಿನಕ್ಕೆ ‘ವೆಳಿಯೇಟ್ರಂ’ ಅನ್ನುತ್ತಾರೆ, ಹೊರದೂಡಿದ್ದು.

“ಬಯಲಿನಿಂದ ಮನೆಗೆ ಓಡಿ ಬಂದೆ. ಎರಡು ಮಕ್ಕಳು, ಸಣ್ಣದು ಹಾಲು ಕುಡೀತಿತ್ತು. ಏನು ತಗೊಳ್ಳೋದು ಅಂತ ತಲೆ ಓಡಲಿಲ್ಲ. ಮೆಶಿನ್ ಕಂಡಿತು. ಪೊಟ್ಟಿನ ಹತ್ತಿರ ಹೋಗಿ ಅವಳನ್ನ ಕೂಗಿದೆ. ಇಬ್ಬರೂ ಸೇರಿ ಮೆಶಿನ್ ತಲೆ ಬಿಚ್ಚಿ ಪೊಟ್ಟಿನೊಳಗಿಂದ ಆ ಕಡೆಗೆ ನೂಕಿದೆವು. ಸ್ಟ್ಯಾಂಡ್ ಹಿಡಿಸಲಿಲ್ಲ. ಅವಳು ಬೇಲಿಯನ್ನೇ ಕಿತ್ತಳು. ಗರಿ ಕೊಯ್ದು ಕೈಯೆಲ್ಲ ರಕ್ತ.”

“ಆಮೇಲೆ?”

“ಆಮೇಲೆ ನಡೆದೆವು. ಬೀದಿ ತುದಿಯವರೆಗೆ ಬಂದು ಅವಳು ನೀರು ಕೊಟ್ಟಳು. ಹಾರ್ಲಿಕ್ಸ್ ಬಾಟಲಿ. ಕಾವಲಿಗೆ ನಿಂತ ಹುಡುಗರ ಕೈಯಲ್ಲಿ ಬಂದೂಕು ಇತ್ತು. ಆದರೂ ಬಂದಳು.”

ಈ ಮಾತನ್ನು ಅಕ್ಕ ಎರಡು ಸಲ ಹೇಳಿದರು. ಆದರೂ ಬಂದಳು.

ಮುಂದಿನ ವರ್ಷಗಳದ್ದು ಒಂದೊಂದೇ ವಾಕ್ಯ. ತೆಂಗಿನಗರಿಯ ಗುಡಿಸಲು, ಮಳೆಗಾಲದಲ್ಲಿ ಮೊಣಕಾಲು ನೀರು, ರೇಷನ್ ಸಾಲು, ಮೊದಲು ಕೈಹೊಲಿಗೆ, ಆಮೇಲೆ ಸಾಲದ ಯಂತ್ರ. ಪುತ್ತಳದ ಜನ ಬಂದವರಿಗೆ ಅನ್ನ ಹಾಕಿದರು. ವರ್ಷ ಉರುಳಿದಂತೆ ನೆಲ, ನೀರು, ಶಾಲೆಯ ಬೆಂಚು ಸಾಲದಾದಾಗ ಅಸಮಾಧಾನವೂ ಹುಟ್ಟಿತು. “ಇಲ್ಲಿಯವರಿಗೆ ನಾವು ಇವತ್ತಿಗೂ ಅಗದಿಗಳು” ಅಂದರು. ಗತಿಯಿಲ್ಲದವರು ಅನ್ನುವುದೇ ಆ ಮಾತಿನ ಮೂಲ. ನಿರಾಶ್ರಿತರಿಗೆ ತಮಿಳಿನಲ್ಲಿ ಅದೇ ಹೆಸರು.

2002ರಲ್ಲಿ ಕದನವಿರಾಮವಾಗಿ ಯಾಳ್ಪಾಣದ ಎ9 ಹೆದ್ದಾರಿ ತೆರೆದಾಗ ಅಕ್ಕ ಹತ್ತು ಜನರ ಜೊತೆ ವ್ಯಾನ್ ಮಾಡಿಕೊಂಡು ಹೋದರು. ಮನೆಗೆ ಮಾಡು ಇರಲಿಲ್ಲ, ಬಾಗಿಲಿನ ಚೌಕಟ್ಟೂ ಇರಲಿಲ್ಲ, ಅಡುಗೆಮನೆಯೊಳಗೆ ಬೇವಿನ ಮರ. ಪೊಟ್ಟಿನ ಹತ್ತಿರ ನಿಂತು ಹನ್ನೆರಡು ವರ್ಷದ ಮೇಲೆ ಕೂಗಿದರು. ಬೇಲಿಯಾಚೆಯ ಆ ಹಳೆಯ ಗೆಳತಿ ಬಂದರು. ಹೊಲಿಗೆ ಯಂತ್ರ ಇರಲಿಲ್ಲ. ಅವರು ಅಕ್ಕನ ಅಂಗೈಯಲ್ಲಿಟ್ಟದ್ದು ಒಂದು ಬಾಬಿನ್ ಕೇಸ್, ಯಂತ್ರದ ಕೆಳದಾರದ ಸುರುಳಿ ಕೂರುವ ಲೋಹದ ಗೂಡು.

ಅದನ್ನು ನಮಗೆ ತೋರಿಸಿದರು. ಮಾಲಿಬನ್ ಬಿಸ್ಕತ್ತಿನ ಡಬ್ಬಿಯಲ್ಲಿ ಗುಂಡಿ, ಕೊಕ್ಕೆಗಳ ನಡುವೆ ಇತ್ತು. ಹೆಬ್ಬೆರಳಷ್ಟು ದೊಡ್ಡದು, ಅಂಚು ಸವೆದು ಹೊಳೆಯುತ್ತಿತ್ತು. “ಈ ಮೆಶಿನ್‌ಗೆ ಹೊಂದಲ್ಲ” ಅಂದು ಡಬ್ಬಿ ಮುಚ್ಚಿದರು. ಆಮೇಲೆ ಫೋನ್ ತೆಗೆದು ನಮ್ಮ ಎದುರಿಗೇ ಯಾಳ್ಪಾಣಕ್ಕೆ ಕರೆ ಮಾಡಿದರು. “ಇಂಡಿಯಾದಿಂದ ಇಬ್ಬರು ಟೀಚರ್ ಬರ್ತಾರೆ. ಇಡಿಯಪ್ಪ ಮಾಡಿ ಹಾಕು.” ತೋಳಿನ ಹೊಲಿಗೆಗೆ ದುಡ್ಡು ಮುಟ್ಟಲಿಲ್ಲ.

ಮೂರನೆಯ ದಿನ

ಪುತ್ತಳದಿಂದ ಮನ್ನಾರಿಗೆ ನೇರ ಉತ್ತರಕ್ಕೆ ಹೋದರೆ ನಡುವೆ ವಿಲ್ಪತ್ತು ಕಾಡು. ನಾವು ಅನುರಾಧಪುರದ ಮೇಲಿಂದ ಸುತ್ತಿ, ಮೆದವಚ್ಚಿಯದಲ್ಲಿ ಬಸ್ ಬದಲಿಸಿ ಹೋದೆವು. ಬೆಳಿಗ್ಗೆ ಬೇಗ ಹೊರಡುವುದು ಒಳ್ಳೆಯದು, ಮಧ್ಯಾಹ್ನದ ಮೇಲೆ ಬಸ್ ವಿರಳ. ಮೆದವಚ್ಚಿಯದಲ್ಲಿ ಒಂದೂವರೆ ಗಂಟೆ ಕಾಯುವಾಗ ತಿಂದ ಬಾಳೆಹಣ್ಣೇ ನಮ್ಮ ಊಟವಾಯಿತು.

ಮನ್ನಾರು ದ್ವೀಪ. ದಂಡೆಯಿಂದ ಉದ್ದನೆಯ ಸೇತುವೆ ರಸ್ತೆ, ಎರಡೂ ಕಡೆ ತೆಳುನೀರು, ದೂರದಲ್ಲಿ ರಾಜಹಂಸಗಳ ಬಿಳಿ ಗೆರೆ. ಪಳ್ಳಿಮುನೈಯ ಆನೆಹುಣಸೆ ಮರ ನೋಡಲು ಆಟೋ ಮಾಡಿಕೊಂಡು ಹೋದೆವು. ಅದರ ಬುಡ ನೋಡಿದ ಕೂಡಲೇ ನನಗೆ ನಮ್ಮ ಸವಣೂರು ನೆನಪಾಯಿತು. ಅಲ್ಲಿನ ದೊಡ್ಡಹುಣಸೆ ಮಠದ ಮೂರು ಮರಗಳೂ ಇದೇ ಜಾತಿಯವು, ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ ಕೈಕೈ ಹಿಡಿಸಿ ಅಳತೆ ಮಾಡಿಸಿದ್ದೇನೆ. ಆಫ್ರಿಕಾದ ಮರ, ಅರಬ್ ವ್ಯಾಪಾರಿಗಳು ತಂದರೆಂಬ ಕತೆ ಎರಡೂ ಊರಿನಲ್ಲಿ ಓಡಾಡುವಂಥದ್ದು. ಇಲ್ಲಿ ಇದಕ್ಕೆ ಪೆರುಕ್ಕ ಮರ ಅನ್ನುತ್ತಾರೆ.

ನಾವು ಇಳಿದುಕೊಂಡ ಮನೆಯ ಅಜ್ಜಿ ಕ್ರೈಸ್ತ ತಮಿಳರು. ಸಂಜೆ ಅಂಗಳದಲ್ಲಿ ಮೀನು ಬಲೆ ಸರಿಪಡಿಸುತ್ತಾ ಮಾತಿಗೆ ಕೂತರು. 1990ರಲ್ಲಿ ಮನ್ನಾರಿನ ಎರುಕ್ಕಲಂಪಿಟ್ಟಿಯ ಮುಸ್ಲಿಮರು ಹೋದದ್ದು ಸಮುದ್ರದ ಮೇಲೆ. ಅಕ್ಟೋಬರ್ ಕೊನೆ, ಮಳೆ, ದೋಣಿಗಳಲ್ಲಿ ತುಂಬಿಕೊಂಡು ಕಲ್ಪಿಟಿಯ ಕಡೆಗೆ. “ನಮ್ಮ ಪರಿಚಯದವಳೊಬ್ಬಳು ತನ್ನ ಕೋಳಿಗಳನ್ನ ನಮ್ಮ ಅಂಗಳಕ್ಕೆ ಬಿಟ್ಟು ಹೋದಳು. ಹಗಲೆಲ್ಲ ಇಲ್ಲೇ ಮೇಯುತ್ತಿದ್ದವು. ಕತ್ತಲಾದರೆ ಆ ಖಾಲಿ ಮನೆಯ ಜಗುಲಿಗೇ ಹೋಗಿ ಕೂರುತ್ತಿದ್ದವು. ದಿನಾ ನಾನು ಹೋಗಿ ಎತ್ತಿಕೊಂಡು ಬರ್ತಿದ್ದೆ. ಒಂದು ತಿಂಗಳು.” ಕೋಳಿಗಳು ಕೊನೆಗೆ ಏನಾದವು ಅಂತ ಕೇಳಬೇಕೆನಿಸಿತು, ಕೇಳಲಿಲ್ಲ.

ಇದೇ ಮನ್ನಾರಿನಲ್ಲಿ ತಮಿಳು, ಮುಸ್ಲಿಂ ಹೆಂಗಸರು ಸೇರಿ ಕಟ್ಟಿಕೊಂಡ ಮನ್ನಾರ್ ಮಹಿಳಾ ಅಭಿವೃದ್ಧಿ ಒಕ್ಕೂಟ ಇದೆ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಶ್ರೀನ್ ಸರೂರ್ ತಾವೇ 1990ರಲ್ಲಿ ಇಲ್ಲಿಂದ ಹೊರಹಾಕಿಸಿಕೊಂಡವರು. ಹೊರಗೆ ಹಾಕಿದ ಊರಿಗೇ ಬಂದು, ಹಾಕಿದವರ ಕಡೆಯ ವಿಧವೆಯರ ಜೊತೆ ಒಂದೇ ಚಾಪೆಯ ಮೇಲೆ ಕೂರುವುದಕ್ಕೆ ಎಷ್ಟು ಗಟ್ಟಿತನ ಬೇಕು! ನನಗಂತೂ ಆ ಶಕ್ತಿ ಇರುತ್ತಿತ್ತೆಂದು ಹೇಳಲಾರೆ.

ನಾಲ್ಕನೆಯ ದಿನ

ಮನ್ನಾರಿನಿಂದ ಯಾಳ್ಪಾಣಕ್ಕೆ ಎ32 ರಸ್ತೆ. ಪೂನಗರಿಯವರೆಗೆ ಗುಡ್ಡವಿಲ್ಲ, ತಿರುವಿಲ್ಲ, ಎಡಕ್ಕೆ ಸಮುದ್ರದ ಬೆಳಕು, ಬಲಕ್ಕೆ ಕುರುಚಲು, ನಡುನಡುವೆ ಗದ್ದೆ. ಬಸ್ಸಿನಲ್ಲಿ ಬಲಬದಿಗೆ ಕೂತದ್ದಕ್ಕೆ ಬಿಸಿಲು ನೆತ್ತಿ ಸುಟ್ಟಿತು. ಬೆಳಗಿನ ಬಸ್ಸಾದರೆ ಎಡಬದಿ ಹಿಡಿಯಬೇಕು. ಆಮೇಲೆ ಸಂಗುಪಿಟ್ಟಿ ಸೇತುವೆ. 2011ರಲ್ಲಿ ಆದದ್ದು. ಬಸ್ಸು ಅದರ ಮೇಲೇರಿದಾಗ ಎರಡೂ ಕಡೆ ಹಿನ್ನೀರು ಕನ್ನಡಿಯಂತೆ ಹರಡಿತ್ತು. ಮಾತಾಡುತ್ತಿದ್ದವರೆಲ್ಲ ಒಂದು ಕ್ಷಣ ಸುಮ್ಮನಾದರು.

ಅದಾದ ಮೇಲೆ ಇನ್ನೊಂದು ಸಣ್ಣ ಸೇತುವೆ ಬಂತು. ನಾನು ನಿದ್ದೆಗಣ್ಣಲ್ಲಿದ್ದೆ. ಅದು ನಾವಟ್ಕುಳಿ ಸೇತುವೆ ಅಂತ ತಿಳಿದದ್ದು ಮರುದಿನ.

ಯಾಳ್ಪಾಣದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಸುಣ್ಣಕಲ್ಲಿನ ನೆಲ, ಬಾವಿಯ ನೀರು, ಎಲ್ಲಿ ನೋಡಿದರೂ ತಾಳೆ. ಈಗ ತಾಳೆಗೆಡ್ಡೆಯ ಕಾಲ. ಬೀಜ ಮೊಳೆತು ಮಣ್ಣಿನೊಳಗೆ ಇಳಿದ ಬಿಳಿ ಮೊಳಕೆಯನ್ನು ಬೇಯಿಸಿ ಕಟ್ಟುಕಟ್ಟಾಗಿ ಮಾರುತ್ತಾರೆ. ನಾರು ಬಿಡಿಸಿ, ಮೆಣಸು ಉಪ್ಪಿನ ಜೊತೆ ತಿನ್ನಬೇಕು. ಮಾರುವಾಕೆಗೆ ಗೆಳತಿ “ಆಮಾ” ಅಂದಳು, ಆಕೆ “ಓಮ್” ಅಂದಳು. ಯಾಳ್ಪಾಣದ ತಮಿಳಿನಲ್ಲಿ ಹೌದು ಅನ್ನುವುದಕ್ಕೆ ಓಮ್. ಸಂಜೆಯೊಳಗೆ ನಾವೂ ಎಲ್ಲದಕ್ಕೂ ಓಮ್ ಅನ್ನುತ್ತಿದ್ದೆವು.

ಸಾರ್ವಜನಿಕ ಗ್ರಂಥಾಲಯಕ್ಕೆ ಹೋದೆವು. 1981ರಲ್ಲಿ ಸುಟ್ಟಾಗ 97,000 ಪುಸ್ತಕ, ಓಲೆಗರಿಗಳು ಬೂದಿಯಾದವು. ಈಗ ಬಿಳಿಯಾಗಿ ಎದ್ದು ನಿಂತಿದೆ. ಎದುರಿನ ಸರಸ್ವತಿಯ ಮುಂದೆ ಇಬ್ಬರು ಹುಡುಗಿಯರು ಒಂದೇ ಇಯರ್‌ಫೋನನ್ನು ಹಂಚಿಕೊಂಡು ಕೂತಿದ್ದರು.

ಐದನೆಯ ದಿನ

ಸೋನಗರ್ ತೆರುವಿನಲ್ಲಿ ಕೆಲವು ಮನೆ ಹೊಸದಾಗಿ ಎದ್ದಿವೆ, ಮಸೀದಿಯಲ್ಲಿ ಬಾಂಗ್ ಕೇಳುತ್ತದೆ, ಅಂಗಡಿಗಳಿವೆ. ನಡುನಡುವೆ ಮಾಡು ಇಲ್ಲದ ಗೋಡೆಗಳು. ಕಿಟಕಿಯ ತೂತಿನಿಂದ ಆಲದ ಬೇರು ಇಳಿದಿದೆ. ಹಿಂದಿರುಗಿದವರು ಕಡಿಮೆ. ಮಕ್ಕಳು ಪುತ್ತಳದಲ್ಲೇ ಓದಿ ಬೆಳೆದವರು. ಅವರಿಗೆ ಯಾಳ್ಪಾಣ ಅಂದರೆ ಅಮ್ಮ ಹೇಳುವ ಕತೆ.

ವಿಳಾಸ ಹಿಡಿದು ಮನೆ ಮುಟ್ಟುವಾಗ ಹತ್ತು ಗಂಟೆ. ಪುತ್ತಳದ ಅಕ್ಕನ ಆ ಗೆಳತಿ, ಇನ್ನು ಮುಂದೆ ಯಾಳ್ಪಾಣದ ಅಕ್ಕ, ಗೇಟಿನಲ್ಲೇ ನಿಂತಿದ್ದರು. ತೆಳ್ಳಗೆ, ಎತ್ತರ, ನರೆತ ಜಡೆ, ಹಣೆಯಲ್ಲಿ ವಿಭೂತಿ. “ವಾಂಗೋ, ವಾಂಗೋ” (ಬನ್ನಿ, ಬನ್ನಿ) ಅಂತ ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ಕೆಂಪಕ್ಕಿಯ ಇಡಿಯಪ್ಪ, ತೆಂಗಿನಹಾಲಿನ ಸೊದಿ, ಕೆಂಪು ಸಂಬಲ್, ಬದನೆಕಾಯಿ ಪಲ್ಯ. ನಾನು ಐದು ತಿಂದೆ, ಅವರು ಏಳನೆಯದು ಹಾಕಿದರು. ಆಮೇಲೆ ನಮ್ಮನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು.

ಬೇಲಿ ಇರಲಿಲ್ಲ. ಆ ಜಾಗದಲ್ಲಿ ಎದೆಯೆತ್ತರದ ಸಿಮೆಂಟ್ ಗೋಡೆ, ಮಗ ಕಟ್ಟಿಸಿದ್ದು. ಗೋಡೆಯಾಚೆ ಪುತ್ತಳದ ಅಕ್ಕನ ಮನೆಯ ತಳಪಾಯ, ಒಂದು ಬಾವಿ, ಬೇವಿನ ಮರ. ಅಡುಗೆಮನೆಯಲ್ಲಿ ಹುಟ್ಟಿದ ಬೇವು ಈಗ ಎರಡು ತೆಕ್ಕೆ ದಪ್ಪ. ಕಾಗದಪತ್ರ ಇನ್ನೂ ಪುತ್ತಳದ ಅಕ್ಕನ ಹೆಸರಲ್ಲೇ ಇದೆ. ಕಸ ಬೆಳೆಯದ ಹಾಗೆ ವರ್ಷಕ್ಕೆರಡು ಸಲ ಆಳು ಹಚ್ಚಿ ಸವರಿಸುವುದು ಯಾಳ್ಪಾಣದ ಅಕ್ಕ.

ಬಾಬಿನ್ ಕೇಸಿನ ಕತೆ ಅವರ ಬಾಯಲ್ಲಿ ಹೀಗೆ. ಯಂತ್ರವನ್ನು ಅವರು ಐದು ವರ್ಷ ಇಟ್ಟುಕೊಂಡರು. ಕರೆಂಟಿಲ್ಲದ ಕಾಲ. ಸೀಮೆಎಣ್ಣೆ ತರಲು ಬಿಡುತ್ತಿರಲಿಲ್ಲ, ಬಾಟಲಿಗೆ ಚಿನ್ನದ ಬೆಲೆ. ಜಾಮ್ ಬಾಟಲಿಯ ತಳಕ್ಕೆ ಹತ್ತಿ ಹಾಕಿ ನಾಲ್ಕು ಚಮಚ ಎಣ್ಣೆ ಬಿಟ್ಟು ಉರಿಸುವ ದೀಪದಲ್ಲಿ ರಾತ್ರಿ ಹೊಲಿದು ಮನೆ ನಡೆಸಿದರು. 1995ರ ಅಕ್ಟೋಬರ್ 30ರ ಸಂಜೆ ಮತ್ತೆ ಧ್ವನಿವರ್ಧಕದ ಗಾಡಿ ಬಂತು. ಸೈನ್ಯ ಬರುತ್ತಿದೆ, ಎಲ್ಲರೂ ಹೊರಡಿ. ಈ ಸಲ ಹೊರಡಬೇಕಾದವರು ತಮಿಳರು.

ಅದೇ ದಿನ. ಐದು ವರ್ಷದ ಮೇಲೆ ಅದೇ ದಿನಾಂಕ.

ಸುಮಾರು ಐದು ಲಕ್ಷ ಜನ ಒಂದೇ ರಾತ್ರಿ ಒಂದೇ ದಾರಿಯಲ್ಲಿ ನಾವಟ್ಕುಳಿ ಸೇತುವೆ ಕಡೆಗೆ. ಹಿಂದಿನ ದಿನ ನಾನು ತೂಕಡಿಸಿಕೊಂಡು ದಾಟಿದ ಸೇತುವೆ. ಮಳೆ. ಒಂದು ಹೆಜ್ಜೆ ಇಟ್ಟರೆ ಹತ್ತು ನಿಮಿಷ ನಿಲ್ಲಬೇಕು. ಕುಡಿಯಲು ನೀರಿಲ್ಲದೆ ಕೊಡೆಯನ್ನು ತಿರುಗಿಸಿ ಹಿಡಿದು ಮಳೆನೀರು ಕುಡಿದರಂತೆ. “ಆ ರಾತ್ರಿ ನನ್ನ ಬಾಯಲ್ಲಿ ಇದ್ದದ್ದು ಅವಳ ಹೆಸರು. ಪಕ್ಕದಲ್ಲಿ ನಡೆಯುತ್ತಿದ್ದ ಒಬ್ಬ ಹೆಂಗಸೂ ಅಂದಳು, ಅವರನ್ನ ಹೀಗೇ ಕಳಿಸಿದೆವಲ್ಲ ಅಂತ. ಯಾರೂ ಅವಳಿಗೆ ಉತ್ತರ ಕೊಡಲಿಲ್ಲ.”

ಹೊರಡುವ ಮುಂಚೆ ಅವರು ಹೊಲಿಗೆ ಯಂತ್ರದ ಬಾಬಿನ್ ಕೇಸ್ ತೆಗೆದು ಸೊಂಟಕ್ಕೆ ಕಟ್ಟಿಕೊಂಡಿದ್ದರು. ಅದಿಲ್ಲದಿದ್ದರೆ ಕದ್ದವರಿಗೆ ಉಪಯೋಗವಿಲ್ಲ, ಬಿಟ್ಟುಹೋಗುತ್ತಾರೆ ಅನ್ನುವ ಲೆಕ್ಕ. ಚಾವಕಚ್ಚೇರಿ, ಕೊಡಿಕಾಮ ಅಂತ ಆರು ತಿಂಗಳು ತಿರುಗಿ 1996ರಲ್ಲಿ ವಾಪಸಾದಾಗ ಅವರ ಮನೆಗೂ ಮಾಡು ಇರಲಿಲ್ಲ. ಬಾಬಿನ್ ಕೇಸ್ ಇಲ್ಲದಿದ್ದರೂ ಯಂತ್ರ ಹೋಗಿತ್ತು.

ಗೆಳತಿ ಹಾರ್ಲಿಕ್ಸ್ ಬಾಟಲಿಯ ಮಾತೆತ್ತಿದಳು. ಬಂದೂಕು ಹಿಡಿದು ನಿಂತವರ ಎದುರಿಗೆ ಹೋಗಿ ನೀರು ಕೊಟ್ಟಿರಲ್ಲ ಅಕ್ಕ, ಅಂದಳು.

ಯಾಳ್ಪಾಣದ ಅಕ್ಕ ಗೋಡೆಯ ಮೇಲೆ ಕೈಯಿಟ್ಟು ಸುಮಾರು ಹೊತ್ತು ಆಚೆ ನೋಡಿದರು.

“ನಾನು ಹೋಗಲಿಲ್ಲ.”

ತಪ್ಪಾಗಿ ಕೇಳಿತೇನೋ ಅಂತ ನಾನು ಗೆಳತಿಯ ಮುಖ ನೋಡಿದೆ. ಅವಳೂ ನನ್ನ ಮುಖ ನೋಡಿದಳು.

“ಮೆಶಿನ್ ಈ ಕಡೆ ತಗೊಂಡೆ, ನಿಜ. ಆಮೇಲೆ ಅಮ್ಮ ನನ್ನನ್ನ ಒಳಗೆ ಹಾಕಿ ಚಿಲಕ ಹಾಕಿದಳು. ಚಿಲಕ ಹಾಕದಿದ್ದರೂ ನಾನು ಹೋಗುತ್ತಿರಲಿಲ್ಲ. ಹೆದರಿದ್ದೆ. ಬಾಗಿಲ ಸಂದಿಯಿಂದ ಬೀದಿ ಕಾಣುತ್ತಿತ್ತು. ಅವಳು ಸಣ್ಣದನ್ನ ಸೊಂಟದ ಮೇಲೆ ಕೂರಿಸಿಕೊಂಡು ನಮ್ಮ ಮನೆ ಕಡೆ ತಿರುಗಿ ನೋಡಿದಳು. ನಾನು ಸಂದಿಯಿಂದ ಹಿಂದೆ ಸರಿದೆ. 2002ರಲ್ಲಿ ಬಂದಾಗಲೇ ಅವಳಿಗೆ ಹೇಳಿದೆ. ಆಮೇಲೂ ಹೇಳಿದ್ದೇನೆ. ಒಪ್ಪೋದೇ ಇಲ್ಲ. ಯಾವಳೋ ಕೊಟ್ಟಿರಬೇಕು ನೀರನ್ನ. ಅವಳಿಗೆ ಇವಳು ನನ್ನ ಮುಖ ಹಚ್ಚಿಬಿಟ್ಟಿದ್ದಾಳೆ.”

ಗೋಡೆಯಾಚೆಯ ಬೇವಿನಲ್ಲಿ ಅಳಿಲೊಂದು ಒಂದೇ ಸಮ ಕೂಗುತ್ತಿತ್ತು. ಏನು ಹೇಳಬೇಕೋ ನನಗೆ ತಿಳಿಯಲಿಲ್ಲ. ನೀವು ಚಿಕ್ಕವರಿದ್ದಿರಿ ಅನ್ನುವುದಕ್ಕೆ ಆಗ ಅವರಿಗೆ ಇಪ್ಪತ್ತೈದು. ಯಾರಾದರೂ ಹೆದರುತ್ತಿದ್ದರು ಅನ್ನುವುದು ನಿಜ, ಆದರೆ ಆ ಮಾತನ್ನು ಹೇಳುವ ಹಕ್ಕು ನನಗೆಲ್ಲಿದೆ? ಅವರೇ ಸೆರಗಿನಿಂದ ಮುಖ ಒರೆಸಿಕೊಂಡು, “ಪನಂಗಟ್ಟಿ ತಿಂದಿದ್ದೀರಾ?” ಅಂತ ಒಳಗೆ ಹೋದರು. ತಾಳೆಯ ಬೆಲ್ಲ, ಪುಟ್ಟ ಗರಿಬುಟ್ಟಿಯಲ್ಲಿ ಎರಕ ಹೊಯ್ದದ್ದು. ಕಹಿಯಂಚಿನ ಸಿಹಿ.

ಹೊರಡುವಾಗ ಗೆಳತಿ, ಇಬ್ಬರೂ ದಿನಾ ಮಾತಾಡುತ್ತೀರಾ ಅಂತ ಕೇಳಿದಳು. ಭಾನುವಾರ ಭಾನುವಾರ ಅಂದರು. ಅಕ್ಟೋಬರ್ 30 ಭಾನುವಾರ ಬಂದರೂ ಆ ದಿನ ಮಾಡುವುದಿಲ್ಲವಂತೆ. ಇಬ್ಬರೂ ಹೇಳಿಕೊಂಡು ಮಾಡಿದ ನಿಯಮವಲ್ಲ. 31ರ ಬೆಳಿಗ್ಗೆ ಯಾರು ಮೊದಲು ಎದ್ದರೋ ಅವರು ಮಾಡುತ್ತಾರೆ.

ಆರನೆಯ ದಿನ

ಬೆಳಿಗ್ಗೆ ನಲ್ಲೂರು ಕಂದಸ್ವಾಮಿ ದೇವಸ್ಥಾನ. ಗಂಡಸರು ಅಂಗಿ ಬಿಚ್ಚಿಯೇ ಒಳಗೆ ಹೋಗಬೇಕು, ಒಳಗೆ ಫೋಟೊ ತೆಗೆಯುವಂತಿಲ್ಲ, ಪೂಜೆ ಹೇಳಿದ ನಿಮಿಷಕ್ಕೇ ಶುರು. ಅರ್ಚನೆಗೆ ಒಂದು ರೂಪಾಯಿ. ಗೆಳತಿ ಎರಡು ಚೀಟಿ ಮಾಡಿಸಿದಳು. ಯಾರ ಯಾರ ಹೆಸರಿಗೆ ಅಂತ ನಾನು ಕೇಳಲಿಲ್ಲ, ಅವಳ ತುಟಿ ಅಲುಗಿದ್ದರಲ್ಲೇ ತಿಳಿಯಿತು.

ಅಲ್ಲಿಂದ ಯಾಳ್ಪಾಣದಲ್ಲೇ ಇರುವ ತಿರುನೆಲ್ವೇಲಿಗೆ, ವಿಶ್ವವಿದ್ಯಾಲಯದ ಕಡೆಗೆ ನಡೆದೆವು. ಡಾ. ರಜನಿ ತಿರಣಗಮ ಇಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದರು. ಭಾರತೀಯ ಶಾಂತಿಪಾಲನಾ ಪಡೆ, ಇಯಕ್ಕಂ, ಸರ್ಕಾರ, ಯಾರೇ ಮಾಡಿದ ಅನ್ಯಾಯವನ್ನೂ ಬರೆದಿಟ್ಟವರು. ಯುದ್ಧದಲ್ಲಿ ನೊಂದ ಹೆಂಗಸರಿಗಾಗಿ ‘ಪೂರಣಿ’ ಎಂಬ ಆಸರೆಯ ಮನೆ ಕಟ್ಟಲು ದುಡಿದವರು. 1989ರ ಸೆಪ್ಟೆಂಬರ್ 21ರಂದು ಕಾಲೇಜಿನಿಂದ ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದಾಗ ಅವರನ್ನು ಗುಂಡಿಕ್ಕಿ ಕೊಂದರು. ಅವರಿಗೆ 35 ವರ್ಷ, ಇಬ್ಬರು ಚಿಕ್ಕ ಹೆಣ್ಣುಮಕ್ಕಳು. 25 ವರ್ಷ ತುಂಬಿದಾಗ, 2014ರಲ್ಲಿ, ಜೊತೆಗಿದ್ದವರು ಇದೇ ಊರಿನಲ್ಲಿ ಸೇರಿ ಮೆರವಣಿಗೆ ಹೋದರು. ನಾವು ನಿಂತಾಗ ತರಗತಿ ಬಿಟ್ಟಿತ್ತು. ಬಿಳಿ ಕೋಟು ತೋಳಿಗೆ ಹಾಕಿಕೊಂಡ ಹುಡುಗಿಯರು ಸ್ಕೂಟಿಯಲ್ಲಿ, ಸೈಕಲ್ಲಿನಲ್ಲಿ ಜೋಡಿಜೋಡಿಯಾಗಿ ಹೋಗುತ್ತಿದ್ದರು. ಒಬ್ಬಳು ಸೈಕಲ್ ತುಳಿಯುತ್ತಲೇ ಇನ್ನೊಬ್ಬಳ ಹೆಗಲ ಮೇಲೆ ಕೈಯಿಟ್ಟಿದ್ದಳು.

ಮಧ್ಯಾಹ್ನದ ರೈಲು. ಯಾಳ್ಪಾಣಕ್ಕೆ 1990ರಲ್ಲಿ ನಿಂತ ರೈಲು ಮತ್ತೆ ಬಂದದ್ದು 2014ರ ಅಕ್ಟೋಬರಿನಲ್ಲಿ, ಹಳಿ ಹಾಕಿಕೊಟ್ಟದ್ದು ಭಾರತದ ಇರ್ಕಾನ್ ಕಂಪನಿ. ಟಿಕೆಟ್ ಮುಂಚೆಯೇ ಮಾಡಿಸಿದ್ದರಿಂದ ಕಿಟಕಿ ಸಿಕ್ಕಿತು. ಆನೆಯಿರವು ಹಿನ್ನೀರು ದಾಟುವಾಗ ಗೆಳತಿಯ ಫೋನ್ ಬಡಿದುಕೊಂಡಿತು. ಪುತ್ತಳದ ಅಕ್ಕ. ಅವಳು ಸ್ಪೀಕರ್ ಹಾಕಿದಳು.

“ತೋಳು ಸರಿ ಇದೆಯಾ? ಬಿಗಿಯಾಗುತ್ತಾ?”

“ಸರಿ ಇದೆ ಅಕ್ಕ.”

“ಇಡಿಯಪ್ಪ ಮಾಡಿದ್ದಳಾ?”

“ಓಮ್.”

ಸ್ವಲ್ಪ ಹೊತ್ತು ಆ ಕಡೆ ಹೊಲಿಗೆ ಯಂತ್ರದ ಸದ್ದಷ್ಟೇ. ಆಮೇಲೆ ಅದೂ ನಿಂತಿತು.

“ನಿಮಗೂ ಹೇಳಿದಳಾ, ತಾನು ಬರಲಿಲ್ಲ ಅಂತ?”

ಗೆಳತಿ ನನ್ನ ಕಡೆ ನೋಡಿದಳು. “ಹೇಳಿದರು ಅಕ್ಕ.”

“ಎಲ್ಲರಿಗೂ ಹೇಳ್ತಾಳೆ. ಆ ಬಾಟಲಿಗೆ ಮುಚ್ಚಳ ಇರಲಿಲ್ಲ. ಬಾಯಿಗೆ ಒಂದು ಚೂರು ಬಟ್ಟೆ ತುರುಕಿತ್ತು, ನೀಲಿ ಹೂವಿನದು. ಆ ತಿಂಗಳು ನಾನು ಅವಳಿಗೆ ಹೊಲಿದ ರವಿಕೆಯ ಬಟ್ಟೆ. ನಾನು ಕತ್ತರಿಸಿದ ಬಟ್ಟೆ ನನಗೆ ಗುರುತು ಸಿಗಲ್ವಾ?”

ರೈಲು ಕಿಳಿನೊಚ್ಚಿಯ ಕಡೆಗೆ ತಿರುಗಿತು. ಮಾತು ಕಡಿದು ಕಡಿದು ಬರುತ್ತಿತ್ತು. ಹಲೋ, ಹಲೋ ಅಂದಳು ಗೆಳತಿ. ಅಕ್ಕ ಆ ಕಡೆಯಿಂದ ಇನ್ನೂ ಏನೋ ಹೇಳುತ್ತಿದ್ದರು.